ದೊಡ್ಡಪ್ಪನ ಜೀಪು, ಐದು ಡಿಸ್ಕು: ಪೌಡರ್ ಕೋಟಿಂಗೋ ಪೇಂಟೋ

ಒಂದೇ ತಿಂಗಳಲ್ಲಿ ಮೂರನೇ ಸಲ ಅದೇ ಚಕ್ರ ಬಿಚ್ಚಿದಾಗ ಆಲ್ದೂರಿನ ಪಂಕ್ಚರ್ ಅಂಗಡಿಯ ಭಾಯ್ ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದುವ ಗೋಜಿಗೇ ಹೋಗಲಿಲ್ಲ. ಡಿಸ್ಕಿನ ಒಳಮೈ ಮೇಲೆ ಬೆರಳಾಡಿಸಿ, ಕಿತ್ತು ಬಂದ ತುಕ್ಕಿನ ಚಕ್ಕೆಯೊಂದನ್ನು ದೊಡ್ಡಪ್ಪನ ಅಂಗೈ ಮೇಲಿಟ್ಟರು. "ಗೌಡ್ರೇ, ಟ್ಯೂಬಿಂದು ಏನೂ ತಪ್ಪಿಲ್ಲ. ಇದು ಕಚ್ತಾ ಇದೆ." ಚಕ್ಕೆ ಅರ್ಧ ರೂಪಾಯಿ ನಾಣ್ಯದಷ್ಟು ಅಗಲ, ಅಂಚು ಬ್ಲೇಡಿನ ಹಾಗೆ. ಅದಕ್ಕೂ ಮುಂಚೆ ಅವರೇ ಹಳೇ ಟ್ಯೂಬ್ ಕತ್ತರಿಸಿ ಒಳಗೆ ಪಟ್ಟಿ ಸುತ್ತಿ ಒಂದು ಮಳೆಗಾಲ ದಾಟಿಸಿದ್ದರು. ಈಗ ಆ ಪಟ್ಟಿಯನ್ನೂ ತುಕ್ಕು ತಿಂದಿತ್ತು.

ಆ ಚಕ್ಕೆಯನ್ನು ಕಾಗದದಲ್ಲಿ ಸುತ್ತಿಕೊಂಡು ದೊಡ್ಡಪ್ಪ ಚಿಕ್ಕಮಗಳೂರಿನ ನನ್ನ ಶೆಡ್ಡಿಗೆ ಬಂದರು. ಹೀಗೆ ಶುರುವಾದ ಕೆಲಸ ಇದು. 2022ರ ಮಾರ್ಚ್, ಕಾಫಿ ಕೊಯ್ಲು ಮುಗಿದು ಎಲ್ಲರಿಗೂ ಸ್ವಲ್ಪ ಉಸಿರಾಡಲು ಬಿಡುವಿದ್ದ ಸಮಯ. ನಾನು ಐಟಿಐನಲ್ಲಿ ಫಿಟ್ಟರ್ ಕಲಿತವನು. ಹೊಟ್ಟೆಪಾಡು ತೋಟಗಳ ಪಲ್ಪರ್, ಪಂಪ್‌ಸೆಟ್ ರಿಪೇರಿ. ಹಳೇ ಜೀಪು ನನ್ನ ಚಟ. ಬಣ್ಣದ ಕೆಲಸದಲ್ಲಿ ಪಳಗಿದವನಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಎಡವಟ್ಟುಗಳೂ ಬರುತ್ತವೆ.

ಗಾಡಿ ಮಹೀಂದ್ರ ಸಿಜೆ3ಬಿ. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ಇಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದರಲ್ಲ, ಆ ವಂಶದ್ದು. ಬಾನೆಟ್ ಎತ್ತರಿಸಿಕೊಂಡ ಮಾದರಿ. 16 ಇಂಚಿನ ಉಕ್ಕಿನ ಡಿಸ್ಕು, ಐದು ಬೋಲ್ಟು, 6.00-16 ಟೈರು, ಒಳಗೆ ಟ್ಯೂಬು. ರಿಮ್ಮಿಗೆ ನಮ್ಮ ಕಡೆ ಡಿಸ್ಕ್ ಅಂತಲೇ ಅನ್ನುವುದು, ಇಲ್ಲೂ ಹಾಗೇ ಬರೆಯುತ್ತೇನೆ. ಇದರಲ್ಲಿ ನಡುವಿನ ತಟ್ಟೆಯನ್ನೂ ಹೊರಗಿನ ಬಳೆಯನ್ನೂ ರಿವೆಟ್ ಹೊಡೆದು ಸೇರಿಸಿದ್ದಾರೆ. ಆ ಎರಡು ಲೋಹ ಒಂದರ ಮೇಲೊಂದು ಕೂರುವ ಸಂದು ಕಣ್ಣಿಗೆ ಗೆರೆಯಷ್ಟೇ ಕಾಣುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಎಲ್ಲ ಬಂದು ನಿಲ್ಲುವುದು ಅಲ್ಲೇ.

ದೊಡ್ಡಪ್ಪನ ಲೆಕ್ಕ ಸರಳ. "ಎಂಥ ಕೋಟಿಂಗ್ ಮಾರಾಯ, ವೈರ್ ಬ್ರಶ್ ಹೊಡಿ, ರೆಡ್ ಆಕ್ಸೈಡ್ ಬಳಿ, ಮೇಲೊಂದು ಕಪ್ಪು ಎನಾಮೆಲ್. ಇಷ್ಟು ವರ್ಷ ಹಾಗೇ ನಡೆದಿಲ್ವನಾ?" ಬೆಂಗಳೂರಲ್ಲಿರುವ ಅವರ ಮಗ ಫೋನಿನಲ್ಲೇ ಜಗಳಕ್ಕೆ ನಿಂತ. "ಅಣ್ಣ, ಅಪ್ಪನ ಮಾತು ಕೇಳ್ಬೇಡ. ಬ್ಲಾಸ್ಟ್ ಮಾಡ್ಸಿ ಪೌಡರ್ ಕೋಟಿಂಗ್ ಮಾಡ್ಸು. ಇಪ್ಪತ್ತು ವರ್ಷ ಮುಟ್ಟೋದೇ ಬೇಡ." ಬ್ಲಾಸ್ಟ್ ಅಂದರೆ ಗಾಳಿಯ ಒತ್ತಡದಲ್ಲಿ ಗಟ್ಟಿ ಕಾಳು ಎರಚಿ ತುಕ್ಕು, ಹಳೇ ಬಣ್ಣ ಕೀಳುವುದು; ಪೌಡರ್ ಕೋಟಿಂಗ್ ಅಂದರೆ ಬಣ್ಣದ ಒಣ ಪುಡಿ ಅಂಟಿಸಿ ಓವನ್ನಿನಲ್ಲಿ ಬೇಯಿಸುವುದು. ದುಡ್ಡು ಕೊಡುವವನು ಮಗ, ಗಾಡಿ ಓಡಿಸುವವರು ಅಪ್ಪ.

ನಾನು ಒಂದು ಡಿಸ್ಕಿಗೆ ಗ್ರೈಂಡರಿನಲ್ಲಿ ವೈರ್ ಕಪ್ ಹಾಕಿ ಅರ್ಧ ಗಂಟೆ ಉಜ್ಜಿ ನೋಡಿದೆ. ಮೇಲ್ನೋಟಕ್ಕೆ ಫಳಫಳ. ಆದರೆ ವೈರ್ ಬ್ರಶ್ಶಿನ ಕೆಟ್ಟ ಗುಣವೇ ಅದು: ತುಕ್ಕನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಪಾಲಿಶ್ ಮಾಡುತ್ತದೆ. ಗುಳಿಯೊಳಗೆ ಕೂತ ಕಪ್ಪು ತುಕ್ಕು ಹಾಗೇ ಇತ್ತು, ಸೂಜಿಯಲ್ಲಿ ಕೆದಕಿದರೆ ಪುಡಿ ಬಂತು. ಇದರ ಮೇಲೆ ಚಿನ್ನದ ನೀರು ಹೊಯ್ದರೂ ಒಳಗಿನಿಂದ ಎದ್ದು ಬರುತ್ತದೆ. ಬ್ಲಾಸ್ಟಿಂಗ್ ಮಾಡಿಸಲೇಬೇಕು ಅಂದೆ. ಅಷ್ಟಕ್ಕೆ ಅಪ್ಪ ಮಗ ಇಬ್ಬರೂ ಒಪ್ಪಿದರು. ಮೇಲೆ ಏನು ಹಾಕುವುದು ಅನ್ನುವುದು ಮಾತ್ರ ಬಾಕಿ ಉಳಿಯಿತು.

ಹಾಸನದಲ್ಲಿ ಒಂದು ದಿನ

ಚಿಕ್ಕಮಗಳೂರಿನಲ್ಲೇ ಒಬ್ಬರು ರಸ್ತೆ ಪಕ್ಕದಲ್ಲಿ ಹೊಳೆ ಮರಳು ಜರಡಿ ಹಿಡಿದು ಬ್ಲಾಸ್ಟ್ ಮಾಡುತ್ತಿದ್ದರು. ಕೆಲಸದ ಹುಡುಗ ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದ, ಅಷ್ಟೇ. ಮರಳು ಒಡೆದು ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ಈ ಕೆಲಸಕ್ಕೆ ಮರಳು ಬಳಸುವುದನ್ನು ಬ್ರಿಟನ್ನಿನವರು 1950ರಷ್ಟು ಹಿಂದೆಯೇ ನಿಲ್ಲಿಸಿದರು. ನಾವು ಇನ್ನೂ ಟವೆಲ್ಲಿನಲ್ಲಿದ್ದೇವೆ. ನನ್ನ ಡಿಸ್ಕಿಗಾಗಿ ಆ ಹುಡುಗನ ಎದೆ ಹಾಳಾಗುವುದು ಬೇಡ ಅನ್ನಿಸಿ, ಬೇಲೂರು ದಾಟಿ ಹಾಸನಕ್ಕೆ ಹೋದೆ. ಅಲ್ಲೊಂದು ಘಟಕ ಗೇಟು, ಕಿಟಕಿ ಗ್ರಿಲ್ಲು, ಅಂಗಡಿ ರ‍್ಯಾಕುಗಳಿಗೆ ಪೌಡರ್ ಕೋಟಿಂಗ್ ಮಾಡುತ್ತದೆ. ಬ್ಲಾಸ್ಟಿಂಗ್ ಮುಚ್ಚಿದ ಕೋಣೆಯಲ್ಲಿ, ಉಕ್ಕಿನ ಗ್ರಿಟ್, ಅಂದರೆ ಚೂಪು ಉಕ್ಕಿನ ಕಾಳು ಹಾಕಿ. ಒಳಗೆ ನಿಂತವನ ತಲೆಗೆ ಹೊರಗಿನಿಂದ ಗಾಳಿ ಬರುವ ಹೆಲ್ಮೆಟ್. ಹೆಸರಿಗೆ ಸ್ಯಾಂಡ್ ಬ್ಲಾಸ್ಟಿಂಗ್, ಸ್ಯಾಂಡ್ ಒಂದು ಕಾಳೂ ಇಲ್ಲ.

ಐದು ಡಿಸ್ಕು ಒಳಗೆ ಹೋಗಿ ಒಂದೊಂದಾಗಿ ಹೊರಗೆ ಬಂದವು. ಬ್ಲಾಸ್ಟ್ ಆದ ಉಕ್ಕಿನ ಬಣ್ಣ ನೋಡದವರಿಗೆ ಹೇಳುವುದು ಕಷ್ಟ: ಹೊಳಪಿಲ್ಲದ ಬೂದು ಬಿಳುಪು, ಒಣಗಿದ ವಿಭೂತಿ ಗಟ್ಟಿಯ ಹಾಗೆ. ಬೆರಳಿಟ್ಟರೆ ಬೆರಳಿನ ಗುರುತು ನಿಲ್ಲುತ್ತದೆ, ಆ ಗುರುತಿನಲ್ಲೇ ಮೊದಲು ತುಕ್ಕು ಬರುತ್ತದೆ. ಹಾಗಾಗಿ ಕೈಗವಸು ಹಾಕಿಯೇ ಮುಟ್ಟಬೇಕು. ಮೇಲ್ಮೈ ಸಣ್ಣಗೆ ತರಿತರಿ ಇರುತ್ತದೆ. ಪ್ರೈಮರೋ ಪೌಡರೋ ಹಲ್ಲು ಕಚ್ಚಿ ಕೂರುವುದು ಆ ತರಿಯಲ್ಲೇ.

ಬ್ಲಾಸ್ಟಿಂಗ್ ಕೊಳೆ ತೆಗೆದಷ್ಟೇ ಸುಳ್ಳನ್ನೂ ತೆಗೆಯುತ್ತದೆ. ಮೂರನೇ ಡಿಸ್ಕಿನಲ್ಲಿ ಬೋಲ್ಟಿನ ಎರಡು ತೂತುಗಳ ನಡುವೆ ಕೂದಲೆಳೆಯಂಥ ಬಿರುಕು. ಅದರ ಮೇಲೆ ಹಿಂದೆ ಯಾರೋ ಗ್ಯಾಸ್ ವೆಲ್ಡಿಂಗ್ ಎಳೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಮುಚ್ಚಿದ್ದರು. ಎಷ್ಟು ವರ್ಷ ಆ ಚಕ್ರದ ಮೇಲೆ ಕಾಫಿ ಚೀಲ, ಆಳುಗಳು, ಮನೆಮಂದಿ ಎಲ್ಲ ಕೂತು ಘಾಟಿ ಇಳಿದಿದ್ದೇವೋ. ಬೋಲ್ಟಿನ ತೂತಿನ ಸುತ್ತ ಬಿರುಕು ಬಂದ ಡಿಸ್ಕಿಗೆ ವೆಲ್ಡಿಂಗ್ ಮದ್ದಲ್ಲ, ಗುಜರಿಯೇ ಗತಿ. ಫೋನ್ ಮಾಡಿದರೆ ದೊಡ್ಡಪ್ಪನಿಗೆ ನಂಬಿಕೆಯಿಲ್ಲ. "ಬ್ಲಾಸ್ಟ್ ಮಾಡುವಾಗ ಅವರೇ ಒಡೆದಿರ್ತಾರೆ ನೋಡು" ಅಂದರು. ಬಿರುಕಿನ ಒಳಗೆ ಹಳೇ ಬಣ್ಣ ಇಳಿದಿದ್ದ ಫೋಟೋ ಕಳಿಸಿದ ಮೇಲೆ ಸುಮ್ಮನಾದರು. ಆಮೇಲೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಮಗ ಒಂದು ಡಿಸ್ಕ್ ಹುಡುಕಿ ಕಳಿಸಿದ. ಅದನ್ನು ಬಂದ ಹಾಗೇ ಟೈರು ಕೂರಿಸಿ ಸ್ಟೆಪ್ನಿ ಮಾಡಿದೆವು.

ಉಳಿದದ್ದು ನಾಲ್ಕು. ಎರಡಕ್ಕೆ ಪೌಡರ್, ಎರಡಕ್ಕೆ ಪೇಂಟ್ ಅಂತ ತೀರ್ಮಾನ ಮಾಡಿದೆ. ಇಬ್ಬರ ಮಾತೂ ಉಳಿಯಲಿ ಅನ್ನುವುದು ಮನೆಯವರಿಗೆ ಹೇಳಿದ ಕಾರಣ. ನಿಜ ಹೇಳಬೇಕೆಂದರೆ ನನಗೇ ನೋಡಬೇಕಿತ್ತು. ಜೋಡಿಸುವಾಗ ಅಡ್ಡಮೂಲೆಗೆ ಹಾಕಿದೆ: ಮುಂದಿನ ಬಲ ಮತ್ತು ಹಿಂದಿನ ಎಡ ಪೌಡರ್, ಮುಂದಿನ ಎಡ ಮತ್ತು ಹಿಂದಿನ ಬಲ ಪೇಂಟ್. ಒಂದೇ ಗಾಡಿ, ಒಂದೇ ದಾರಿ, ಒಂದೇ ಮಳೆ.

ಖರ್ಚು ನಾನು ಕೊಟ್ಟ ಹಾಗೆ: ಬ್ಲಾಸ್ಟಿಂಗ್ ಡಿಸ್ಕಿಗೆ 350 ರೂಪಾಯಿ, ಪೌಡರ್ ಕೋಟಿಂಗ್ 650. ಪೇಂಟಿಗೆ ಎಪಾಕ್ಸಿ ಪ್ರೈಮರ್, ಪಿಯು (ಪಾಲಿಯುರೆಥೇನ್) ಕಪ್ಪು, ಹಾರ್ಡನರ್, ಥಿನ್ನರ್ ಸೇರಿ 2,400 ಆಯಿತು. ಎರಡು ಡಿಸ್ಕಿಗೆ ಅರ್ಧವೂ ಹಿಡಿಯಲಿಲ್ಲ, ಆದರೆ ಡಬ್ಬಿ ಅರ್ಧ ಕೊಡುವುದಿಲ್ಲವಲ್ಲ. ನನ್ನ ಕೂಲಿ ಹಿಡಿದರೆ ಪೇಂಟೇ ದುಬಾರಿ. ಒಂದೆರಡು ಡಿಸ್ಕಿನ ಕೆಲಸಕ್ಕೆ ಪೌಡರ್ ಅಗ್ಗ ಅನ್ನುವುದು ಅನೇಕರಿಗೆ ಗೊತ್ತಿಲ್ಲ.

ಎರಡು ಎಡವಟ್ಟು

ಮೊದಲನೆಯದು ನನ್ನದೇ. ಪೇಂಟಿನ ಎರಡು ಡಿಸ್ಕುಗಳನ್ನು ಸಂಜೆ ಪಿಕಪ್ಪಿನಲ್ಲಿ ತಂದು ಶೆಡ್ಡಿನಲ್ಲಿಟ್ಟೆ. ಏಪ್ರಿಲ್ ಮೊದಲ ವಾರ. ಬೆಳಿಗ್ಗೆ ಎದ್ದು ಪ್ರೈಮರ್ ಹೊಡೆದರಾಯಿತು ಅಂದುಕೊಂಡೆ. ರಾತ್ರಿ ಕಾಫಿ ಹೂವರಳಿಸುವ ಹೂಮಳೆ ಬಂತು. ತೋಟದವರು ಕಾಯ್ದು ಕೂತಿದ್ದ ಮಳೆ, ಊರೆಲ್ಲ ಖುಷಿ. ಡಿಸ್ಕಿನ ಮೇಲೆ ಒಂದು ಹನಿ ಬೀಳಲಿಲ್ಲ, ಗಾಳಿಯ ತೇವವೇ ಸಾಕಾಯಿತು. ಬೆಳಿಗ್ಗೆ ನೋಡಿದರೆ ವಿಭೂತಿ ಬಣ್ಣದ ಮೇಲೆ ಯಾರೋ ಅಚ್ಚಖಾರದ ಪುಡಿ ಜರಡಿ ಹಿಡಿದ ಹಾಗೆ ಕೆಂಪು. ಹಾಸನದವರು ಹೇಳಿಯೇ ಕಳಿಸಿದ್ದರು, ನಾಲ್ಕು ಗಂಟೆಯೊಳಗೆ ಪ್ರೈಮರ್ ಬೀಳಬೇಕು ಅಂತ. ಮಲೆನಾಡಿನಲ್ಲಿ ನಾಲ್ಕು ಗಂಟೆಯೂ ಜಾಸ್ತಿಯೇ.

ತುಕ್ಕು ತೆಗೆಯುವ ಫಾಸ್ಫಾರಿಕ್ ಆಸಿಡ್ ದ್ರಾವಣ ಬಳಿದುಬಿಡು ಅಂದರು ಪೇಂಟ್ ಅಂಗಡಿಯವರು. ಅದರ ಉಳಿಕೆ ಸರಿಯಾಗಿ ತೊಳೆದುಹೋಗದಿದ್ದರೆ ಮೇಲಿನ ಎಪಾಕ್ಸಿ ಗಟ್ಟಿಯಾಗುವುದಿಲ್ಲ, ಸಂದಿನೊಳಗೆ ಹೋದರಂತೂ ಹೊರಗೆ ಬರುವುದೇ ಇಲ್ಲ. ಹಾಗಾಗಿ ಬೇಡವೆಂದು 80 ನಂಬರಿನ ಉಪ್ಪುಕಾಗದ ಹಿಡಿದು ಕೂತೆ. ಎರಡು ಡಿಸ್ಕಿಗೆ ಒಂದು ಇಡೀ ಹಗಲು. ಆಮೇಲೆ ಥಿನ್ನರಿನಲ್ಲಿ ಒರೆಸಿ, ಹಾಟ್ ಏರ್ ಗನ್ನಿನಲ್ಲಿ ಬೆಚ್ಚಗೆ ಮಾಡಿ, ಸ್ಪ್ರೇ ಗನ್ ಹಿಡಿಯುವ ಮೊದಲು ಸಣ್ಣ ಬ್ರಶ್ಶಿನಿಂದ ರಿವೆಟ್ ತಲೆಗಳಿಗೂ ಸಂದಿಗೂ ತೆಳ್ಳಗೆ ಮಾಡಿದ ಪ್ರೈಮರನ್ನು ಕುಡಿಸಿದೆ. ಕುಡಿಸಿದೆ ಅನ್ನುವುದೇ ಸರಿಯಾದ ಮಾತು. ಸಂದು ಪ್ರೈಮರನ್ನು ಒಳಗೆ ಎಳೆದುಕೊಳ್ಳುತ್ತಿತ್ತು, ಮತ್ತೆ ಹಚ್ಚುತ್ತಿದ್ದೆ, ಮತ್ತೆ ಎಳೆದುಕೊಳ್ಳುತ್ತಿತ್ತು. ನಂತರ ಗನ್ನಿನಲ್ಲಿ ಎರಡು ಕೋಟ್ ಎಪಾಕ್ಸಿ, ಅದರ ಮೇಲೆ ಎರಡು ಕೋಟ್ ಪಿಯು. ಪಿಯು ಹಾರ್ಡನರಿನಲ್ಲಿ ಉಸಿರಿಗೆ ಅಪಾಯದ ಐಸೊಸಯನೇಟ್ ಇರುತ್ತದೆ. ಬಟ್ಟೆಯ ಮಾಸ್ಕ್ ಅದಕ್ಕೆ ಲೆಕ್ಕವೇ ಅಲ್ಲ. ಕಾರ್ಟ್ರಿಡ್ಜ್ ಇರುವ ಮುಖವಾಡ ಬೇಕು, ಬಾಗಿಲು ತೆರೆದಿರಬೇಕು. ಗಟ್ಟಿಯಾಗಲಿ ಅಂತ ವಾರ ಬಿಟ್ಟು ಟೈರು ಕೂರಿಸಿದೆ.

ಪೌಡರ್ ಡಿಸ್ಕು ನೋಡಲು ಬಲು ಚಂದ ಬಂದಿದ್ದವು. ಹೊಳಪು ಒಂದೇ ಸಮ, ಎಲ್ಲೂ ಸೋರಿಲ್ಲ. ಕೆಲಸದ ರೀತಿ ಇಷ್ಟು: ಒಣ ಪುಡಿಗೆ ಗನ್ನಿನಲ್ಲಿ ವಿದ್ಯುತ್ ಆವೇಶ ಕೊಟ್ಟು ಊದುತ್ತಾರೆ, ಅರ್ಥ್ ಮಾಡಿದ ಲೋಹಕ್ಕೆ ಅದು ಅಂಟಿಕೊಳ್ಳುತ್ತದೆ, ಓವನ್ನಿನಲ್ಲಿ 180ರಿಂದ 200 ಡಿಗ್ರಿಯಲ್ಲಿ ಕರಗಿ ಹರಡಿ ಗಟ್ಟಿಯಾಗುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಓವನ್ನಿನ ಗಾಳಿ 200 ಆದರೆ ಸಾಲದು, ಲೋಹವೇ ಆ ಶಾಖಕ್ಕೆ ಏರಿ ಹತ್ತು ಹದಿನೈದು ನಿಮಿಷ ನಿಲ್ಲಬೇಕು. ಕಿಟಕಿ ಗ್ರಿಲ್ಲು ಬೇಗ ಕಾಯುತ್ತದೆ. ಜೀಪಿನ ಡಿಸ್ಕಿನ ನಡುವಿನ ದಪ್ಪ ತಟ್ಟೆ ಹಾಗಲ್ಲ. ಗ್ರಿಲ್ಲಿನ ಟೈಮಿಗೆ ತೆಗೆದುಬಿಟ್ಟರೆ ಹೊರಗಿನ ಬಳೆ ಬೆಂದಿರುತ್ತದೆ, ನಡು ಹಸಿ. ನಾನು ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಇಪ್ಪತ್ತು ಇಪ್ಪತ್ತೈದು ಸಲ ತಿಕ್ಕಿ ನೋಡಿದೆ. ಬಳೆಯಲ್ಲಿ ಬಟ್ಟೆ ಬಿಳಿಯಾಗೇ ಉಳಿಯಿತು, ನಡುವೆ ಕಪ್ಪಾಯಿತು. ತೋರಿಸಿದ ಮೇಲೆ ತಕರಾರಿಲ್ಲದೆ ಮತ್ತೆ ಓವನ್ನಿಗೆ ಹಾಕಿಕೊಟ್ಟರು. ಎರಡನೇ ಸಲ ಬಟ್ಟೆ ಬಿಳಿ.

ಇಷ್ಟು ಹುಷಾರಾಗಿದ್ದವನು ನಟ್ಟು ಕೂರುವ ಜಾಗ ನೋಡಲಿಲ್ಲ. ಬೋಲ್ಟಿನ ತೂತಿನ ಇಳಿಜಾರಿಗೆ, ಬ್ರೇಕ್ ಡ್ರಮ್ಮಿಗೆ ಒತ್ತಿ ಕೂರುವ ಹಿಂಬದಿಗೆ ಪೌಡರ್ ಬೀಳಬಾರದು, ಟೇಪೋ ಪ್ಲಗ್ಗೋ ಹಾಕಿ ಅಂತ ಹೇಳಿದ್ದೆ. ಬಾಯಲ್ಲಿ ಹೇಳಿದ್ದೆ, ಚೀಟಿ ಬರೆದು ಡಿಸ್ಕಿಗೆ ಕಟ್ಟಿರಲಿಲ್ಲ. ಒಂದು ಡಿಸ್ಕಿಗೆ ಮುಚ್ಚಿದ್ದರು, ಇನ್ನೊಂದಕ್ಕೆ ಮರೆತಿದ್ದರು. ಪೌಡರ್ ಪದರ ದಪ್ಪ, 60ರಿಂದ 100 ಮೈಕ್ರಾನ್. ಅದರ ಮೇಲೆ ನಟ್ಟು ಬಿಗಿದರೆ ಬಿಗಿದ ಹಾಗೆ ಕೈಗೆ ಅನ್ನಿಸುತ್ತದೆ. ಗಾಡಿ ಓಡಿದಂತೆ ಪದರ ಜಜ್ಜಿ ತೆಳುವಾಗುತ್ತದೆ, ಬಿಗಿ ಸತ್ತುಹೋಗುತ್ತದೆ.

ಮೂರನೇ ದಿನ ಮಲ್ಲಂದೂರು ರಸ್ತೆಯಲ್ಲಿ ಹಿಂದಿನ ಎಡ ಚಕ್ರದಿಂದ ಟಕ್ ಟಕ್ ಸದ್ದು. ಗಾಡಿಯಲ್ಲಿದ್ದವನು ರಜೆಗೆ ಬಂದಿದ್ದ ಮಗ. ಇಳಿದು ನೋಡಿದರೆ ಐದರಲ್ಲಿ ಮೂರು ನಟ್ಟು ಕೈಯಲ್ಲೇ ತಿರುಗುತ್ತಿವೆ. ಸ್ಪ್ಯಾನರ್ ತೆಗೆದು ಎಲ್ಲರೂ ಬಿಗಿಯುವ ಕಡೆಗೇ ಬಿಗಿದ. ಈ ಜೀಪುಗಳಲ್ಲಿ ಎಡಗಡೆ ಚಕ್ರಗಳಿಗೆ ಎಡ ಮರೆ (ಉಲ್ಟಾ ಥ್ರೆಡ್), ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಅನ್ನುವುದು ಅವನಿಗೆ ಯಾರು ಹೇಳಿದ್ದರು? ಒಂದು ನಟ್ಟು ಪೂರ್ತಿ ಹೊರಗೆ ಬಂದ ಮೇಲೆ ನನಗೆ ಫೋನ್ ಬಂತು. "ಅಣ್ಣ, ಇದು ಬಿಗಿ ಆಗೋ ಬದಲು ಬಿಚ್ಕೋತಿದೆ!" ನಗಬಾರದಿತ್ತು, ನಕ್ಕೆ. ಆಮೇಲೆ ಯೋಚಿಸಿದರೆ ಮೈ ಜುಮ್ಮೆಂದಿತು. ಆ ರಸ್ತೆಯ ತಿರುವು ಗೊತ್ತಿದ್ದವರಿಗೆ ಬೇರೆ ಹೇಳಬೇಕಿಲ್ಲ.

ಡಿಸ್ಕು ಬಿಚ್ಚಿ ಇಳಿಜಾರಿನ ಪೌಡರನ್ನೂ ಹಿಂಬದಿಯ ಪೌಡರನ್ನೂ ಲೋಹ ಕಾಣುವವರೆಗೆ ಕೆರೆದೆ. ಹಿಂಬದಿಗೆ ತೆಳ್ಳಗೆ ಒಂದೇ ಕೈ ಪ್ರೈಮರ್, ಇಳಿಜಾರಿಗೆ ಏನೂ ಇಲ್ಲ. ಟಾರ್ಕ್ ರೆಂಚಿನಲ್ಲಿ ಬಿಗಿದು, ಐವತ್ತು ಕಿಲೋಮೀಟರ್ ಓಡಿದ ಮೇಲೆ ನಾಲ್ಕೂ ಚಕ್ರಕ್ಕೆ ಇನ್ನೊಮ್ಮೆ ಬಿಗಿದೆ. ಆಮೇಲೆ ಸದ್ದಿಲ್ಲ. ಪೇಂಟಿನಲ್ಲೂ ದಪ್ಪಗೆ ಬಳಿದರೆ ಇದೇ ಕಥೆ ಆಗುತ್ತಿತ್ತು. ಅಲ್ಲಿ ಗನ್ ನನ್ನ ಕೈಯಲ್ಲಿತ್ತು, ಟೇಪು ನಾನೇ ಅಂಟಿಸಿದ್ದೆ ಅನ್ನುವುದಷ್ಟೇ ವ್ಯತ್ಯಾಸ.

ಎರಡು ಮಳೆಗಾಲದ ಮೇಲೆ

2023ರ ನವೆಂಬರಿನಲ್ಲಿ, ಕೊಯ್ಲಿಗೆ ಗಾಡಿ ಬೇಕಾಗುವ ಮೊದಲು, ನಾಲ್ಕೂ ಟೈರು ಬಿಚ್ಚಿಸಿದೆ. ಒಳ ನೋಡದೆ ತೀರ್ಪು ಕೊಡಬಾರದು. ಕಾಯಿಲೆ ಶುರುವಾಗಿದ್ದೇ ಒಳಗಿನಿಂದ ತಾನೇ.

ಹೊರಮೈಯಲ್ಲಿ ಪೌಡರ್ ಗೆದ್ದಿತು, ಅನುಮಾನವೇ ಇಲ್ಲ. ನೀರು ಹೊಯ್ದು ಒರೆಸಿದರೆ ಅಂದಿನ ಹೊಳಪು ಇಂದೂ. ಕೇಳಿ ಹಾಕಿಸಿದ್ದು ಪಾಲಿಯೆಸ್ಟರ್ ಪೌಡರ್, ಅದಕ್ಕೆ ಬಿಸಿಲು ತಡೆಯುವ ಗುಣವಿದೆ. ಬರೀ ಎಪಾಕ್ಸಿ ಪೌಡರ್ ಹಾಕಿದ್ದರೆ ಇಷ್ಟು ಹೊತ್ತಿಗೆ ಸುಣ್ಣ ಬಳಿದ ಹಾಗೆ ಮಂಕಾಗಿರುತ್ತಿತ್ತು. ಪೇಂಟಿನ ಡಿಸ್ಕುಗಳಲ್ಲಿ ಕಲ್ಲೇಟಿನ ಗುರುತು ಆರೋ ಏಳೋ ಕಡೆ. ಅಲ್ಲೆಲ್ಲ ದೊಡ್ಡಪ್ಪನ ಡ್ರೈವರ್ ಉಳಿದ ಡಬ್ಬಿಯಿಂದ ಬ್ರಶ್ಶಿನಲ್ಲಿ ತೇಪೆ ಹಾಕಿದ್ದ. ಚಂದವಿಲ್ಲ, ತುಕ್ಕೂ ಇಲ್ಲ.

ಒಳಮೈಯಲ್ಲೂ ಪೌಡರೇ ವಾಸಿ. ಟೈರಿನ ಅಂಚು ಕೂರುವ ಜಾಗದಲ್ಲಿ ಟೈರು ಬಿಚ್ಚುವ ಲಿವರ್ ಆಡಿದರೂ ಗೀಚು ಮಾತ್ರ, ಲೋಹ ಕಾಣಿಸಿರಲಿಲ್ಲ. ಪೇಂಟಿನ ಡಿಸ್ಕಿನಲ್ಲಿ ಲಿವರ್ ಕಚ್ಚಿದ ಕಡೆ ಉಗುರಗಲದ ಕೆಂಪು ಗೆರೆಗಳು ಎದ್ದಿದ್ದವು. ಆದರೆ ಪೌಡರ್ ಡಿಸ್ಕಿನ ವಾಲ್ವ್ ತೂತಿನ ಚೂಪು ಅಂಚು ಬರಿದಾಗಿತ್ತು. ಕರಗುವಾಗ ಪುಡಿ ಚೂಪು ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ. ಆ ಅಂಚನ್ನು ಮೊದಲೇ ಅರದಲ್ಲಿ ಉಜ್ಜಿ ದುಂಡಗೆ ಮಾಡಬೇಕಿತ್ತು. ವಾಲ್ವಿನ ಕುತ್ತಿಗೆ ಕೊಯ್ಯುವುದೇ ಆ ಅಂಚು.

ಇನ್ನು ಸಂದು. ಹಿಂದಿನ ಎಡ ಚಕ್ರದ ರಿವೆಟ್ಟಿನ ಸುತ್ತ, ತಟ್ಟೆ ಬಳೆಗೆ ಸೇರುವ ಗೆರೆಯಿಂದ, ಕೆಂಪು ನೀರು ಇಳಿದ ಗುರುತು. ಹೊಳೆಯುವ ಕಪ್ಪಿನ ಮೇಲೆ ಎದ್ದು ಕಾಣುತ್ತಿತ್ತು. ಹೆಬ್ಬೆರಳಿನ ಉಗುರು ತೂರಿಸಿ ಮೀಟಿದೆ. ಪೌಡರ್ ಪದರ ಹಲಸಿನ ಹಪ್ಪಳದ ಚೂರಿನ ಹಾಗೆ ಟಕ್ಕೆಂದು ಎದ್ದು ಬಂತು, ಎರಡು ಬೆರಳಗಲ. ಅದರ ಅಡಿಯಲ್ಲಿ ಉಕ್ಕು ಒದ್ದೆಯಾಗಿತ್ತು. ಮಳೆ ನಿಂತು ವಾರಗಳೇ ಆಗಿದ್ದವು, ಅಲ್ಲಿ ಮಾತ್ರ ಇನ್ನೂ ಒದ್ದೆ.

ವಿದ್ಯುತ್ ಆವೇಶದ ಪುಡಿ ಇಕ್ಕಟ್ಟಾದ ಮೂಲೆಯೊಳಗೆ ಹೋಗುವುದಿಲ್ಲ. ಅಂಚಿನ ಲೋಹವೇ ಅದನ್ನು ಎಳೆದುಕೊಂಡುಬಿಡುತ್ತದೆ. ಹಾಗಾಗಿ ಸಂದಿನ ಬಾಯಿಗೆ ಮುಚ್ಚಳ ಬಿತ್ತು, ಒಳಗೆ ಬರೀ ಉಕ್ಕು. ಕೆಸರು ಗುಂಡಿಯಲ್ಲಿ ಡಿಸ್ಕು ಮಿಸುಕಾಡಿ ಮುಚ್ಚಳ ಕೂದಲಷ್ಟು ಬಿಟ್ಟಿತು, ನೀರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಅಲ್ಲಿಂದ ತುಕ್ಕು ಪದರದ ಅಡಿಯಲ್ಲೇ ತೆವಳಿತು. ಪೇಂಟಿನ ಎರಡು ಡಿಸ್ಕಿನಲ್ಲಿ ಬ್ರಶ್ಶಿನಿಂದ ಕುಡಿಸಿದ ಪ್ರೈಮರ್ ಅದೇ ಸಂದಿನಲ್ಲಿ ಕೂತಿತ್ತು. ಒಂದು ರಿವೆಟ್ಟಿನ ತಲೆಯಲ್ಲಿ ಕಡಲೆಕಾಳಷ್ಟು ಕೆಂಪು ಬಿಟ್ಟರೆ ಇನ್ನೇನಿಲ್ಲ.

ನನ್ನ ಅಭಿಪ್ರಾಯ ಅಲ್ಲಿಗೆ ಗಟ್ಟಿಯಾಯಿತು. ತೋಟದ ದಾರಿ, ಮಲೆನಾಡಿನ ಮಳೆ, ರಿವೆಟ್ ಹೊಡೆದ ಹಳೇ ಡಿಸ್ಕು: ಇದಕ್ಕೆ ಬ್ಲಾಸ್ಟಿಂಗ್, ಬ್ರಶ್ಶಿನ ಎಪಾಕ್ಸಿ, ಮೇಲೆ ಪಿಯು. ಸುತ್ತಲೂ ಸಂದಿಲ್ಲದಂತೆ ವೆಲ್ಡ್ ಮಾಡಿದ ಡಿಸ್ಕಾಗಿದ್ದರೆ, ಇಲ್ಲವೇ ಡಾಂಬರು ರಸ್ತೆ ಬಿಟ್ಟು ಇಳಿಯದ ಗಾಡಿಯಾಗಿದ್ದರೆ ಕಣ್ಣುಮುಚ್ಚಿ ಪೌಡರ್ ಅನ್ನುತ್ತಿದ್ದೆ. ಸತುವಿನ ಅಂಶ ಹೆಚ್ಚಿರುವ ಪೌಡರ್ ಪ್ರೈಮರ್ ಅಡಿಗೆ ಹಾಕಿದ್ದರೆ ತುಕ್ಕು ಇಷ್ಟು ಬೇಗ ತೆವಳುತ್ತಿರಲಿಲ್ಲ. ನಾನು ಹೋದ ಘಟಕದಲ್ಲಿ ಅದು ಇರಲಿಲ್ಲ. ಗ್ರಿಲ್ಲು ಮಾಡುವವರಿಗೆ ಅದರ ಅಗತ್ಯವೂ ಇಲ್ಲ.

ಶಿವಾಜಿನಗರದ ಐದನೇ ಡಿಸ್ಕಿಗೆ ಈ ಸಲ ಎಡವಲಿಲ್ಲ. ಬ್ರಶ್ಶು, ಪ್ರೈಮರು, ಗನ್ನು ಎಲ್ಲ ಹಾಸನಕ್ಕೇ ಹೊತ್ತೊಯ್ದೆ. ಬ್ಲಾಸ್ಟಿಂಗ್ ಕೋಣೆಯಿಂದ ಹೊರಬಂದ ಅರ್ಧ ಗಂಟೆಯಲ್ಲಿ, ಅವರದೇ ಕಂಪ್ರೆಸರ್ ಕೇಳಿ ಪಡೆದು, ಅವರದೇ ಅಂಗಳದಲ್ಲಿ ಪ್ರೈಮರ್ ಹೊಡೆದೆ. ವಾಲ್ವ್ ತೂತಿನ ಅಂಚು ಮೊದಲೇ ಉಜ್ಜಿದ್ದೆ. ಒಳಮೈಗೆ, ಲಿವರ್ ಆಡುವ ಕಡೆ, ಒಂದು ಕೋಟ್ ಜಾಸ್ತಿ.

ಪೌಡರ್ ಹಾಕಿದ ಎರಡನ್ನು ಏನು ಮಾಡುವುದು ಅನ್ನುವುದು ಇನ್ನೂ ತಲೆನೋವೇ. ಮತ್ತೆ ಬ್ಲಾಸ್ಟ್ ಮಾಡಿಸಲು ಕೇಳಿದರೆ ಘಟಕದವರು ಮುಖ ಹುಳ್ಳಗೆ ಮಾಡಿದರು. ಗಟ್ಟಿ ಕೂತ ಪೌಡರ್ ರಬ್ಬರಿನ ಹಾಗೆ ಗ್ರಿಟ್ಟನ್ನು ಹಿಂದಕ್ಕೆ ಎಸೆಯುತ್ತದೆ, ತುಕ್ಕಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಸುಟ್ಟು ತೆಗೆಯಬೇಕು ಇಲ್ಲವೇ ಸ್ಟ್ರಿಪ್ಪರ್ ಬಳಿಯಬೇಕು. ಸದ್ಯಕ್ಕೆ ಎದ್ದ ಪದರವನ್ನಷ್ಟೇ ಕೆರೆದು, ಸಂದನ್ನು ಹಾಟ್ ಏರ್ ಗನ್ನಿನಲ್ಲಿ ಒಣಗಿಸಿ, ತೆಳು ಎಪಾಕ್ಸಿ ಕುಡಿಸಿ, ಮೇಲೆ ಕಪ್ಪು ಬಳಿದಿದ್ದೇನೆ. ಹೊಳಪಿನ ಡಿಸ್ಕಿನ ಮೇಲೆ ತೇಪೆ ಢಾಳಾಗಿ ಕಾಣುತ್ತದೆ ಅಂತ ಮಗನಿಗೆ ಬೇಜಾರು. ದೊಡ್ಡಪ್ಪ ಕೊಯ್ಲಿನ ಮೊದಲ ದಿನವೇ ಗಾಡಿಯನ್ನು ಹಳ್ಳ ದಾಟಿಸಿಕೊಂಡು ಬಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ನಾಲ್ಕೂ ಚಕ್ರಕ್ಕೆ ನಡುವಿನವರೆಗೆ ಕೆಸರು. "ಈಗ ಹೇಳು ನೋಡುವ, ಯಾವುದು ಪೌಡರ್, ಯಾವುದು ಪೇಂಟ್?" ಅಂದರು.